ಹೆಸರೊಂದೇ, ಕೆಲಸ ಮೂರು: ಅಯಾನು ಆಗುವುದು ಅಂದರೆ ಏನು?

ಪ್ರಶ್ನೆ: ನಾವು ವಿಜಯಪುರ ಜಿಲ್ಲೆ ತಿಕೋಟಾ ಕಡೆಯವರು. ದ್ರಾಕ್ಷಿ ಬೆಳೆದು ಮಣೂಕ (ಒಣದ್ರಾಕ್ಷಿ) ಮಾಡುತ್ತೇವೆ. ಮಗಳು ಪಿಯುಸಿ ಮೊದಲ ವರ್ಷ, ಸೈನ್ಸ್. ಅವಳ ಪುಸ್ತಕದಲ್ಲಿ ಒಂದು ಕಡೆ ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡರೆ ಅಯಾನು ಆಗುತ್ತದೆ ಎಂದಿದೆ. ಇನ್ನೊಂದು ಕಡೆ ಆಮ್ಲ ನೀರಿಗೆ ಬಿದ್ದರೆ ಅಯಾನು ಆಗುತ್ತದೆ ಎಂದಿದೆ. ಎರಡೂ ಒಂದೇನಾ ಎಂದು ಕೇಳಿದಳು, ನನಗೆ ಹೇಳಲು ಬರಲಿಲ್ಲ. ಜೊತೆಗೆ ನನ್ನವೂ ಎರಡು. ಟ್ರ್ಯಾಕ್ಟರ್ ಬ್ಯಾಟರಿಯ ಆಸಿಡ್ ಅಂಗಿ ಸುಡುತ್ತದೆ, ಲಿಂಬೆ ಹಣ್ಣಿನದೂ ಆಸಿಡ್ಡೇ ಅಂತಾರೆ, ಅದ್ಯಾಕೆ ಸುಡಲ್ಲ? ಒಣಗಿಸುವ ಮೊದಲು ದ್ರಾಕ್ಷಿ ಅದ್ದುವ ನೀರಲ್ಲಿ ಕೈ ಇಟ್ಟರೆ ಯಾಕೆ ಜಾರುತ್ತದೆ?

ಉತ್ತರ: ಮಗಳ ಅನುಮಾನ ಸರಿಯಾಗಿದೆ. ಎರಡೂ ಒಂದೇ ಅಲ್ಲ. ನಾನು ಬಹಳ ವರ್ಷ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದವನು. ಈ ಪ್ರಶ್ನೆ ಎದ್ದು ನಿಂತು ಕೇಳಿದ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು. ಉಳಿದವರು ಎರಡನ್ನೂ ಬೇರೆ ಬೇರೆ ಬಾಯಿಪಾಠ ಮಾಡಿ ಪಾಸಾಗಿ ಹೋದರು.

ಅಯಾನು ಅಂದರೆ ಪ್ಲಸ್ಸು ಮೈನಸ್ಸಿನ ಲೆಕ್ಕ ಸರಿಹೋಗದ ಕಣ. ಅಷ್ಟೇ. ಪ್ರೋಟಾನು ಪ್ಲಸ್ಸು, ಎಲೆಕ್ಟ್ರಾನು ಮೈನಸ್ಸು; ಮಾಮೂಲಿ ಪರಮಾಣುವಿನಲ್ಲಿ ಎಷ್ಟು ಪ್ರೋಟಾನೋ ಅಷ್ಟೇ ಎಲೆಕ್ಟ್ರಾನು, ಲೆಕ್ಕ ಸೊನ್ನೆ. ಈ ಲೆಕ್ಕ ತಪ್ಪಲು ಮೂರು ದಾರಿ. ಪರಮಾಣುವಿನಲ್ಲಿ ಕೈ ಬದಲಾಗುವುದು ಎಲೆಕ್ಟ್ರಾನು. ಆಮ್ಲದಲ್ಲಿ ಕೈ ಬದಲಾಗುವುದು ಪ್ರೋಟಾನು. ಸುಣ್ಣ, ಕಾಸ್ಟಿಕ್ ಸೋಡಾದಂಥ ಪ್ರತ್ಯಾಮ್ಲದಲ್ಲಿ ಕೈ ಬದಲಾಗುವುದು ಏನೂ ಇಲ್ಲ, ಅಯಾನುಗಳು ಒಳಗೆ ಮೊದಲೇ ಇರುತ್ತವೆ, ನೀರು ಅವನ್ನು ಬಿಡಿಸಿ ಹಾಕುತ್ತದೆ. ಮೂರಕ್ಕೂ ಪುಸ್ತಕದಲ್ಲಿ ಅಯಾನೀಕರಣ ಎಂದೇ ಬರೆದುಬಿಡುತ್ತಾರೆ. ಗೊಂದಲ ಆಗದೆ ಇನ್ನೇನು?

ಮೊದಲು ಪರಮಾಣು. ಗೈಡ್ ಪುಸ್ತಕಗಳಲ್ಲಿ ಒಂದು ಕಥೆ ಇರುತ್ತದೆ: ಸೋಡಿಯಂಗೆ ಹೊರಗಿನ ಕವಚದಲ್ಲಿ ಒಂದೇ ಎಲೆಕ್ಟ್ರಾನ್ ಇದೆ, ಅದನ್ನು ಕೊಟ್ಟುಬಿಡಲು ಅದು ಕಾಯುತ್ತಿದೆ, ಕ್ಲೋರಿನ್ ತೆಗೆದುಕೊಳ್ಳಲು ಕಾಯುತ್ತಿದೆ, ಇಬ್ಬರೂ ಸೇರಿ ಉಪ್ಪು. ಕೇಳಲು ಚೆಂದ, ಆದರೆ ಅರ್ಧ ಸುಳ್ಳು. ಸೋಡಿಯಂ ಏನೂ ದಾನಶೂರ ಕರ್ಣ ಅಲ್ಲ. ಒಂಟಿ ಸೋಡಿಯಂ ಪರಮಾಣುವಿನಿಂದ ಆ ಒಂದು ಎಲೆಕ್ಟ್ರಾನ್ ಕೀಳಬೇಕಾದರೆ 5.14 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹಾಕಬೇಕು. ಎಲೆಕ್ಟ್ರಾನ್ ವೋಲ್ಟ್ ಅಂದರೆ ಏನು ಎಂದು ಈಗ ತಲೆ ಕೆಡಿಸಿಕೊಳ್ಳಬೇಡಿ, ರೂಪಾಯಿ ಎಂದುಕೊಳ್ಳಿ. ಹೈಡ್ರೋಜನ್ನಿನ ಎಲೆಕ್ಟ್ರಾನ್ ಕೀಳಲು 13.6. ಹೀಲಿಯಂಗೆ 24.6. ಎಲ್ಲಕ್ಕಿಂತ ಸಡಿಲ ಎನ್ನುವ ಸೀಸಿಯಂಗೂ 3.89 ಬೇಕೇ ಬೇಕು. ಪುಕ್ಕಟೆ ಎಲೆಕ್ಟ್ರಾನ್ ಕೊಡುವ ಪರಮಾಣು ಒಂದೂ ಇಲ್ಲ.

ಹಾಗಾದರೆ ಖರ್ಚು ಯಾರು ಕೊಡುತ್ತಾರೆ? ಇದೊಂದು ಪ್ರಶ್ನೆ ಹಿಡಿದುಕೊಂಡರೆ ಇಡೀ ಅಧ್ಯಾಯ ಬಿಚ್ಚಿಕೊಳ್ಳುತ್ತದೆ. ಕೆಲವು ಕಡೆ ಹೊರಗಿನಿಂದ ಬರುತ್ತದೆ. ಹಳೆಯ ಚೋಕ್ ಪಟ್ಟಿಯ ಟ್ಯೂಬ್‌ಲೈಟ್ ನೆನಪಿದೆಯಲ್ವಾ? ಸ್ಟಾರ್ಟರ್ ಟಕ್ ಟಕ್ ಅಂದು, ಚೋಕು ಒಂದು ಕ್ಷಣ ಜೋರು ವೋಲ್ಟೇಜ್ ಕೊಟ್ಟು, ಒಳಗಿನ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತ ಮೇಲೇ ಅದರಲ್ಲಿ ಕರೆಂಟ್ ಹರಿಯುತ್ತಿದ್ದದ್ದು. ಮುಂಗಾರಿನ ಸಿಡಿಲೂ ಅದೇ, ಗಾಳಿಯನ್ನೇ ಅಯಾನು ಮಾಡಿಕೊಂಡು ದಾರಿ ಕೊರೆಯುತ್ತದೆ. ನಕ್ಷತ್ರಗಳಲ್ಲಿ ಬರೀ ಬಿಸಿಯೇ ಸಾಕು. ಎಷ್ಟು ಬಿಸಿಗೆ, ಎಷ್ಟು ಒತ್ತಡಕ್ಕೆ, ಎಷ್ಟು ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಎಂಬ ಲೆಕ್ಕವನ್ನು 1920ರಲ್ಲಿ ಕೊಟ್ಟವರು ನಮ್ಮ ಮೇಘನಾದ ಸಾಹಾ. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ನಕ್ಷತ್ರದ ಬೆಳಕು ನೋಡಿ ಅದರ ಬಿಸಿ ಹೇಳುವ ಕೆಲಸ ಇವತ್ತಿಗೂ ಆ ಸಮೀಕರಣದ ಮೇಲೆ ನಿಂತಿದೆ.

ಉಪ್ಪಿನಲ್ಲಿ ಸಿಡಿಲೂ ಇಲ್ಲ, ನಕ್ಷತ್ರವೂ ಇಲ್ಲ. ಅಲ್ಲಿನ ಖಾತೆ ನೋಡಿ. ಸೋಡಿಯಂನಿಂದ ಎಲೆಕ್ಟ್ರಾನ್ ಕಿತ್ತಿದ್ದಕ್ಕೆ ಖರ್ಚು 5.14. ಕ್ಲೋರಿನ್ ಪರಮಾಣು ಅದನ್ನು ತೆಗೆದುಕೊಂಡಾಗ ವಾಪಸ್ಸು ಬರುವ ಜಮೆ 3.61. ಇನ್ನೂ 1.53 ಬಾಕಿ. ಇಲ್ಲಿಗೇ ನಿಲ್ಲಿಸಿದರೆ ವ್ಯಾಪಾರ ಲುಕ್ಸಾನು, ಉಪ್ಪು ಆಗುವುದೇ ಇಲ್ಲ. ಬಾಕಿ ತೀರಿಸುವುದು ಆಮೇಲಿನ ಎಳೆತ: ಪ್ಲಸ್ ಸೋಡಿಯಂ, ಮೈನಸ್ ಕ್ಲೋರೈಡ್ ಹತ್ತಿರ ಬಂದು, ಸುತ್ತ ಮುತ್ತ ಇನ್ನಷ್ಟು ಜೋಡಿ ಸೇರಿ, ಹರಳು ಕಟ್ಟುತ್ತದಲ್ಲ, ಅದರಿಂದ ಬರುವ ಶಕ್ತಿ ಈ ಬಾಕಿಗಿಂತ ಎಷ್ಟೋ ಜಾಸ್ತಿ. ಹಾಗಾದರೆ ಸೋಡಿಯಂ ಎರಡನೆಯ ಎಲೆಕ್ಟ್ರಾನನ್ನೂ ಯಾಕೆ ಕೊಡಬಾರದು ಎಂದು ಮಗಳು ಕೇಳಬಹುದು. ಅದರ ಬೆಲೆ 47.3. ಆ ಖರ್ಚು ತುಂಬಿಕೊಡುವವರು ಉಪ್ಪಿನೊಳಗೆ ಯಾರೂ ಇಲ್ಲ.

ಈಗ ಆಮ್ಲಕ್ಕೆ ಬರೋಣ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಂದು ಪ್ರಯೋಗ ಓದಿರುತ್ತಾಳೆ. ಉಪ್ಪಿನ ಮೇಲೆ ಗಟ್ಟಿ ಸಲ್ಫ್ಯೂರಿಕ್ ಆಮ್ಲ ಹನಿಸಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದನ್ನು ಒಣಗಿಸಿ, ಒಣ ನೀಲಿ ಲಿಟ್ಮಸ್ (ಆಮ್ಲ ತಾಗಿದರೆ ಕೆಂಪಾಗುವ ಕಾಗದ) ಹಿಡಿದರೆ ಬಣ್ಣ ಬದಲಾಗಲ್ಲ. ಅದೇ ಲಿಟ್ಮಸ್ಸನ್ನು ಒದ್ದೆ ಮಾಡಿ ಹಿಡಿದರೆ ಕೆಂಪು. ಅನಿಲ ಅದೇ, ಕಾಗದ ಅದೇ. ನಡುವೆ ಬಂದಿದ್ದು ನೀರು ಮಾತ್ರ.

ಕಾರಣ ಮತ್ತೆ ಖಾತೆಯಲ್ಲೇ ಇದೆ. ಹೈಡ್ರೋಜನ್ ಕ್ಲೋರೈಡ್ ಅಣುವನ್ನು ನೀರಿಲ್ಲದ ಖಾಲಿ ಜಾಗದಲ್ಲಿ ಪ್ರೋಟಾನ್ ಒಂದು ಕಡೆ, ಕ್ಲೋರೈಡ್ ಒಂದು ಕಡೆ ಎಂದು ಹರಿಯಲು ಸುಮಾರು 14.5 ಎಲೆಕ್ಟ್ರಾನ್ ವೋಲ್ಟ್ ಬೇಕು. ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳುವುದಕ್ಕಿಂತಲೂ ದುಬಾರಿ! ಪ್ರಬಲ ಆಮ್ಲ ಎಂದು ಹೆಸರು ಹೊತ್ತಿರುವುದು ಒಬ್ಬಂಟಿಯಾಗಿ ಇಷ್ಟು ಜಿಪುಣ. ಆದರೆ ನೀರಿಗೆ ಬಿದ್ದರೆ, ನೀರಿನ ಅಣು ಬಂದು ಆ ಪ್ರೋಟಾನನ್ನು ಕಿತ್ತುಕೊಂಡು ತನ್ನ ಆಕ್ಸಿಜನ್ನಿಗೆ ಅಂಟಿಸಿಕೊಳ್ಳುತ್ತದೆ. ಅದಕ್ಕೆ ಹೈಡ್ರೋನಿಯಂ ಎನ್ನುತ್ತಾರೆ. ಉಳಿದ ಅಣುಗಳು ಎರಡೂ ಅಯಾನುಗಳನ್ನು ಸುತ್ತುವರಿದು ಹಿಡಿದುಕೊಳ್ಳುತ್ತವೆ. ಹೀಗೆ ನೀರು ಕೊಡುವುದು ಆ ಹದಿನಾಲ್ಕೂವರೆಗಿಂತ ಸ್ವಲ್ಪ ಜಾಸ್ತಿಯೇ. ಮಿಕ್ಕಿದ್ದು ಬಿಸಿಯಾಗಿ ಹೊರಗೆ ಬರುತ್ತದೆ.

ಆ ಬಿಸಿ ಎಂಥದ್ದು ಎಂದು ನನ್ನ ಅಂಗಿಗೆ ಗೊತ್ತು. ಡಿಗ್ರಿ ಮೊದಲ ವರ್ಷ, ಲ್ಯಾಬಿನಲ್ಲಿ ಗಡಿಬಿಡಿ. ಗಟ್ಟಿ ಸಲ್ಫ್ಯೂರಿಕ್ ಆಮ್ಲ ಇದ್ದ ಬೀಕರಿಗೆ ಸೀದಾ ನೀರು ಸುರಿದೆ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು ಎಂದು ಹತ್ತು ನಿಮಿಷ ಮೊದಲು ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ. ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚಟಪಟ ಸಿಡಿಯಿತು. ಕಣ್ಣಿಗೆ ಬೀಳಲಿಲ್ಲ, ಪುಣ್ಯ. ಅಂಗಿ ಅವತ್ತು ಚೆನ್ನಾಗೇ ಇತ್ತು. ಒಗೆದು ಹಿಂಡಿದಾಗ ನೋಡಿದರೆ ಜರಡಿ.

ಒಂದು ವಿಷಯ ಇಲ್ಲಿ ಮಗಳಿಗೆ ಸರಿಯಾಗಿ ತೋರಿಸಿಕೊಡಿ. ಹೈಡ್ರೋಜನ್ ಕ್ಲೋರೈಡಿನಿಂದ ಹೋಗಿದ್ದು ಹೈಡ್ರೋಜನ್ನಿನ ಎಲೆಕ್ಟ್ರಾನ್ ಅಲ್ಲ, ಹೈಡ್ರೋಜನ್ನಿನ ಪ್ರೋಟಾನ್. ಎಲೆಕ್ಟ್ರಾನ್ ಕ್ಲೋರಿನ್ ಮನೆಯಲ್ಲೇ ಉಳಿಯಿತು. ಅದಕ್ಕೇ ಕ್ಲೋರಿನ್ ಮೈನಸ್. ಪರಮಾಣುವಿನ ಕಥೆಗೂ ಆಮ್ಲದ ಕಥೆಗೂ ಇರುವ ಕೊಂಡಿ ಇದೇ. ಬರೀ ಪ್ರೋಟಾನ್ ನೀರಿನಲ್ಲಿ ಒಂಟಿಯಾಗಿ ತಿರುಗಾಡುತ್ತದೆ ಎಂದುಕೊಳ್ಳುವುದೂ ತಪ್ಪು. ಪುಸ್ತಕದಲ್ಲಿ ಹೈಡ್ರೋಜನ್ ಅಯಾನು ಎಂದು ಬರೆಯುವುದು ಸುಮ್ನೆ ಬರೆಯಲು ಸುಲಭ ಅಂತ.

ಕರಗಿದ್ದು ನೀರಿನಲ್ಲಿ ಅಯಾನುಗಳಾಗಿ ಒಡೆಯುತ್ತದೆ ಎಂದು ಹೇಳಿದ ಮನುಷ್ಯನ ಪಾಡು ಸ್ವಲ್ಪ ಹೇಳಬೇಕು. ಸ್ವೀಡನ್ನಿನ ಅರೇನಿಯಸ್ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ, ದ್ರಾವಣದಲ್ಲಿ ಕರೆಂಟ್ ಹೇಗೆ ಹರಿಯುತ್ತದೆ ಎಂಬ ಬಗ್ಗೆ ಪ್ರಬಂಧ ಕೊಟ್ಟ. ಪರೀಕ್ಷಕರಿಗೆ ಅದು ಹಿಡಿಸಲಿಲ್ಲ, ತೀರಾ ಕೆಳಗಿನ ದರ್ಜೆಯಲ್ಲಿ ಪಾಸು ಮಾಡಿದರು. ಅದೇ ಕೆಲಸ ಬೆಳೆದು 1903ರಲ್ಲಿ ಅವನಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅವನ ಪ್ರಕಾರ ಆಮ್ಲ ಅಂದರೆ ನೀರಿನಲ್ಲಿ ಹೈಡ್ರೋಜನ್ ಅಯಾನು ಬಿಡುವುದು. ಕೊಡುವವರಷ್ಟೇ ತೆಗೆದುಕೊಳ್ಳುವವರೂ ಮುಖ್ಯ ಎಂದು ಲೆಕ್ಕ ತಿದ್ದಿದ್ದು 1923ರಲ್ಲಿ, ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ, ಇಬ್ಬರೂ ಬೇರೆ ಬೇರೆಯಾಗಿ. ಪ್ರೋಟಾನ್ ಕೊಟ್ಟರೆ ಆಮ್ಲ, ಪ್ರೋಟಾನ್ ಪಡೆದರೆ ಪ್ರತ್ಯಾಮ್ಲ.

ಇನ್ನು ನಿಮ್ಮ ಲಿಂಬೆ ಹಣ್ಣು. ಹೈಡ್ರೋಕ್ಲೋರಿಕ್ ಆಮ್ಲದ ಅಣುಗಳು ನೀರಿಗೆ ಬಿದ್ದರೆ ಹೆಚ್ಚುಕಡಿಮೆ ಎಲ್ಲವೂ ಅಯಾನು ಆಗುತ್ತವೆ. ಲಿಂಬೆಯ ಸಿಟ್ರಿಕ್ ಆಮ್ಲ ಹಾಗಲ್ಲ. ಅದು ಪ್ರೋಟಾನನ್ನು ಬಿಗಿಯಾಗಿ ಹಿಡಿದಿರುತ್ತದೆ, ನೀರು ಎಳೆದರೂ ಪೂರಾ ಬಿಡಲ್ಲ. ಬಿಟ್ಟಿದ್ದೂ ಮತ್ತೆ ವಾಪಸ್ಸು ಸೇರುತ್ತಿರುತ್ತದೆ. ಲಿಂಬೆ ರಸದಲ್ಲಿ ನೂರಕ್ಕೆ ಐದಾರು ಭಾಗ ಸಿಟ್ರಿಕ್ ಆಮ್ಲ. ಬರೀ ನೀರಿನಲ್ಲಿ ಅಷ್ಟು ಗಟ್ಟಿಯಾಗಿ ಕರಗಿಸಿದರೆ ಇಪ್ಪತ್ತು ಅಣುಗಳಲ್ಲಿ ಒಂದು ಮಾತ್ರ ಪ್ರೋಟಾನ್ ಬಿಟ್ಟಿರುತ್ತದೆ. ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ ಇರುವುದು ನೂರಕ್ಕೆ ಮೂವತ್ತೈದರ ಆಸುಪಾಸು ಸಲ್ಫ್ಯೂರಿಕ್ ಆಮ್ಲ. ಅದಕ್ಕೆ ಎರಡು ಪ್ರೋಟಾನ್, ಮೊದಲನೆಯದನ್ನು ಪೂರಾ ಬಿಡುತ್ತದೆ. ಎರಡನೆಯದಕ್ಕೆ ಅದೂ ಸ್ವಲ್ಪ ಹಿಂದೆಮುಂದೆ ನೋಡುತ್ತದೆ. ಒಟ್ಟು ಲೆಕ್ಕ ಹಾಕಿದರೆ ಬ್ಯಾಟರಿಯಲ್ಲಿ ಹೈಡ್ರೋಜನ್ ಅಯಾನು ಲಿಂಬೆ ರಸಕ್ಕಿಂತ ಐನೂರರಿಂದ ಸಾವಿರ ಪಟ್ಟು ಜಾಸ್ತಿ. ಅಂಗಿಯ ಹತ್ತಿ ನೂಲಿನ ಉದ್ದನೆಯ ಅಣುಗಳನ್ನು ತುಂಡು ಮಾಡುವುದು ಈ ಅಯಾನುಗಳೇ. ಮೇಲೆ, ಅಂಗಿ ಒಣಗಿದಾಗ ನೀರು ಆರುತ್ತದೆ, ಸಲ್ಫ್ಯೂರಿಕ್ ಆಮ್ಲ ಆರುವುದಿಲ್ಲ, ಇನ್ನೂ ಗಟ್ಟಿಯಾಗುತ್ತಾ ಹೋಗುತ್ತದೆ. ತೂತು ಮರುದಿನ ಕಾಣುವುದು ಅದಕ್ಕೇ.

ಹಾಗಂತ ಲಿಂಬೆ ಸಾಧು ಅಲ್ಲ. ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ ಇದ್ದರೆ, ಮೂಲೆಯಲ್ಲಿ ಒಂದು ಹನಿ ಲಿಂಬೆ ರಸ ಬಿಟ್ಟು ಹತ್ತು ನಿಮಿಷ ನೋಡಿ. ಸಣ್ಣಗೆ ಗುಳ್ಳೆ ಏಳುತ್ತವೆ, ಒರೆಸಿದ ಮೇಲೆ ಮಚ್ಚೆ ಉಳಿಯುತ್ತದೆ. ಶಹಾಬಾದ್ ಕಲ್ಲು ಅಂದರೆ ಸುಣ್ಣದಕಲ್ಲೇ. ಮನೆಯವರ ಒಪ್ಪಿಗೆ ಕೇಳಿ ಮಾಡಿ, ಆ ಮಚ್ಚೆ ಹೋಗಲ್ಲ.

ಇಪ್ಪತ್ತರಲ್ಲಿ ಒಂದೇ ಅಣು ಅಯಾನು ಆಗಿದ್ದರೆ ಉಳಿದ ಹತ್ತೊಂಬತ್ತು ಏನು ಮಾಡುತ್ತವೆ? ಇದು ಪಿಯುಸಿ ಮಕ್ಕಳು ಎಡವುವ ಜಾಗ. ದುರ್ಬಲ ಆಮ್ಲ ಅಂದರೆ ಕಡಿಮೆ ಆಮ್ಲ ಎಂದು ತಿಳಿಯುತ್ತಾರೆ. ನಮ್ಮ ಕಡೆಯ ಹಗೇವು ನೆನೆಸಿಕೊಳ್ಳಿ. ಅಡುಗೆಮನೆಯ ಡಬ್ಬಿಯಲ್ಲಿ ನಾಲ್ಕು ಸೇರು ಜೋಳ, ನೆಲದಡಿಯ ಹಗೇವಿನಲ್ಲಿ ಚೀಲಗಟ್ಟಲೆ. ಡಬ್ಬಿ ನೋಡಿ ಈ ಮನೆಯಲ್ಲಿ ಜೋಳವೇ ಇಲ್ಲ ಎನ್ನಲು ಬರುತ್ತದಾ? ಡಬ್ಬಿ ಖಾಲಿಯಾದ ಹಾಗೆ ಹಗೇವಿನಿಂದ ತುಂಬಿಕೊಳ್ಳುತ್ತಾರೆ. ದುರ್ಬಲ ಆಮ್ಲವೂ ಹಾಗೆ. ನೀವು ಕಾಸ್ಟಿಕ್ ಸೋಡಾ ಹಾಕಿ ಇರುವ ಹೈಡ್ರೋಜನ್ ಅಯಾನುಗಳನ್ನು ಮುಗಿಸಿದರೆ, ಉಳಿದ ಅಣುಗಳಲ್ಲಿ ಇನ್ನಷ್ಟು ಬಿಡುತ್ತವೆ. ಕೊನೆಗೆ ಅಣುಗಳ ಎಣಿಕೆ ಒಂದೇ ಇದ್ದರೆ ವಿನೆಗರ್ ಆಮ್ಲಕ್ಕೂ ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಹಿಡಿಯುವ ಕಾಸ್ಟಿಕ್ ಸೋಡಾ ಅಷ್ಟಕ್ಕಷ್ಟೇ. ಪಿಎಚ್ (ಆಮ್ಲವೋ ಪ್ರತ್ಯಾಮ್ಲವೋ ಹೇಳುವ ಅಂಕಿ; 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ) ತೋರಿಸುವುದು ಡಬ್ಬಿಯನ್ನು. ಹನಿ ಹನಿಯಾಗಿ ಪ್ರತ್ಯಾಮ್ಲ ಹಾಕಿ ಆಮ್ಲ ಎಷ್ಟಿದೆ ಎಂದು ಅಳೆಯುವ ಟೈಟ್ರೇಶನ್ ತೋರಿಸುವುದು ಡಬ್ಬಿ ಮತ್ತು ಹಗೇವು ಎರಡನ್ನೂ ಸೇರಿಸಿ.

ನೀರು ಬೆರೆಸಿ ತೆಳು ಮಾಡಿದರೆ ದುರ್ಬಲ ಆಮ್ಲ ಇನ್ನೂ ಹೆಚ್ಚಿನ ಪಾಲು ಅಯಾನು ಆಗುತ್ತದೆ. ವಿನೆಗರಿನ ಅಸಿಟಿಕ್ ಆಮ್ಲ 0.1 ಮೋಲಾರ್ (ದ್ರಾವಣ ಎಷ್ಟು ಗಟ್ಟಿ ಎನ್ನುವ ಅಳತೆ) ಇದ್ದಾಗ ನೂರಕ್ಕೆ 1.3 ಅಣು. ಅದನ್ನೇ ನೂರು ಪಟ್ಟು ತೆಳು ಮಾಡಿದರೆ ನೂರಕ್ಕೆ ಹನ್ನೆರಡೂವರೆ. ಸಿದ್ಧೇಶ್ವರ ಜಾತ್ರೆಯಲ್ಲಿ ಕೈ ತಪ್ಪಿದ ಇಬ್ಬರು ಒಂದೇ ಗಲ್ಲಿಯಲ್ಲಿದ್ದರೆ ಬೇಗ ಸಿಗುತ್ತಾರೆ, ಬಯಲು ದೊಡ್ಡದಾದಷ್ಟು ತಡ, ಅಲ್ವಾ? ಬಿಡಿಸಿಕೊಂಡ ಪ್ರೋಟಾನಿಗೂ ತನ್ನ ಹಳೆಯ ಜೊತೆಗಾರ ಸಿಗುವುದು ಹಾಗೇ ಕಷ್ಟವಾಗುತ್ತದೆ. ಆದರೆ ಪಾಲು ಹೆಚ್ಚಿತು ಅಂತ ಹುಳಿ ಹೆಚ್ಚಲಿಲ್ಲ. ಒಟ್ಟು ಆಮ್ಲವೇ ನೂರನೇ ಒಂದು ಭಾಗ ಆಯಿತಲ್ಲ.

ಪ್ರತ್ಯಾಮ್ಲದಲ್ಲಿ ಎರಡು ಜಾತಿ. ಕಾಸ್ಟಿಕ್ ಸೋಡಾ, ಸುಣ್ಣ ಇವು ಗಟ್ಟಿ ಇದ್ದಾಗಲೇ ಅಯಾನುಗಳ ಹರಳು. ನೀರು ಬಿದ್ದರೆ ಲೋಹದ ಅಯಾನು ಒಂದು ಕಡೆ, ಹೈಡ್ರಾಕ್ಸೈಡ್ ಅಯಾನು ಒಂದು ಕಡೆ ಎಂದು ಬಿಡಿಬಿಡಿ. ಇವನ್ನು ಪ್ರತ್ಯಾಮ್ಲ ಮಾಡುವುದು ಈ ಹೈಡ್ರಾಕ್ಸೈಡೇ. ಇದಕ್ಕೆ ಅಯಾನೀಕರಣ ಎನ್ನುವುದಕ್ಕಿಂತ ವಿಯೋಜನೆ ಎನ್ನುವುದೇ ಸರಿ, ಪರೀಕ್ಷೆಯಲ್ಲಿ ಮಗಳು ಹಾಗೇ ಬರೆಯಲಿ. ಎಲೆ ಅಡಿಕೆಯ ಸುಣ್ಣ ಲೀಟರ್ ನೀರಿಗೆ ಎರಡು ಗ್ರಾಂ ಕೂಡ ಕರಗಲ್ಲ. ಆದರೆ ಕರಗಿದಷ್ಟು ಎಲ್ಲಾ ಅಯಾನೇ, ಅದಕ್ಕೇ ಸುಣ್ಣದ ತಿಳಿಯ ಪಿಎಚ್ 12 ದಾಟುತ್ತದೆ. ಕರಗುವುದು ಬೇರೆ, ಅಯಾನು ಆಗುವುದು ಬೇರೆ ಎನ್ನುವುದಕ್ಕೆ ಸಕ್ಕರೆಯನ್ನೂ ನೋಡಿ. ಎಷ್ಟು ಬೇಕಾದರೂ ಕರಗುತ್ತದೆ, ಒಂದು ಅಯಾನೂ ಹುಟ್ಟಲ್ಲ.

ಎರಡನೇ ಜಾತಿ ನಿಮ್ಮ ದ್ರಾಕ್ಷಿ ಶೆಡ್ಡಿನಲ್ಲೇ ಇದೆ. ಅದ್ದುವ ನೀರಿಗೆ ಸಾಮಾನ್ಯವಾಗಿ ಲೀಟರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಹಾಕುತ್ತಾರೆ. ಕಾರ್ಬೋನೇಟ್ ಕರಗಿದಾಗ ಪೊಟ್ಯಾಸಿಯಂ ಅಯಾನು ಒಂದು ಕಡೆ, ಕಾರ್ಬೋನೇಟ್ ಅಯಾನು ಒಂದು ಕಡೆ. ಇಷ್ಟು ಬರೀ ವಿಯೋಜನೆ. ಕಾರ್ಬೋನೇಟಿನಲ್ಲಿ ಹೈಡ್ರಾಕ್ಸೈಡ್ ಇಲ್ಲವೇ ಇಲ್ಲ, ಹಾಗಾದರೆ ಅದು ಪ್ರತ್ಯಾಮ್ಲ ಹೇಗೆ? ಅದು ನೀರಿನ ಅಣುವಿನಿಂದಲೇ ಒಂದು ಪ್ರೋಟಾನ್ ಕಿತ್ತುಕೊಳ್ಳುತ್ತದೆ. ಪ್ರೋಟಾನ್ ಕಳೆದುಕೊಂಡ ನೀರೇ ಹೈಡ್ರಾಕ್ಸೈಡ್. ಆಮ್ಲದ ಮುಂದೆ ಪ್ರೋಟಾನ್ ಕಸಿಯುತ್ತಿದ್ದ ನೀರು ಇಲ್ಲಿ ತಾನೇ ಕಳೆದುಕೊಂಡು ಕೂತಿದೆ. ನಿಮ್ಮ ಅಳತೆಗೆ ಲೆಕ್ಕ ಹಾಕಿದೆ: ನೂರು ಕಾರ್ಬೋನೇಟಿನಲ್ಲಿ ಮೂರ್ನಾಲ್ಕು ಮಾತ್ರ ಹೀಗೆ ಮಾಡುತ್ತವೆ. ಆದರೂ ಪಿಎಚ್ 11 ದಾಟಲು ಅಷ್ಟು ಸಾಕು. ಅಮೋನಿಯಾ ಕೂಡ ಇದೇ ಜಾತಿ. ಶುದ್ಧ ನೀರಿನಲ್ಲಿ ಅಣುಗಳು ತಮ್ಮತಮ್ಮಲ್ಲೇ ಪ್ರೋಟಾನ್ ಕಸಿದುಕೊಳ್ಳುವುದೂ ಉಂಟು, ಆದರೆ ಒಂದು ಹೊತ್ತಿನಲ್ಲಿ ಸುಮಾರು 55 ಕೋಟಿ ಅಣುಗಳಿಗೆ ಒಂದು ಹೈಡ್ರಾಕ್ಸೈಡ್ ಸಿಕ್ಕರೆ ಹೆಚ್ಚು.

ಕೈ ಜಾರುವುದು ಯಾಕೆ ಅಂದರೆ, ಆ ಹೈಡ್ರಾಕ್ಸೈಡ್ ನಿಮ್ಮ ಚರ್ಮದ ಜಿಡ್ಡನ್ನು ಸ್ವಲ್ಪ ಸ್ವಲ್ಪವೇ ಸಾಬೂನು ಮಾಡುತ್ತಿರುತ್ತದೆ. ಜಾರುವ ಸಾಬೂನು ನಿಮ್ಮದೇ ಕೈಯದು. ದ್ರಾಕ್ಷಿಯ ಮೇಲಿನ ಬಿಳಿ ಮೇಣಕ್ಕೂ ಈ ಕ್ಷಾರ, ಡಿಪ್ಪಿಂಗ್ ಆಯಿಲ್ ಎರಡೂ ಸೇರಿ ಕೈ ಹಚ್ಚುತ್ತವೆ. ಮೇಣದ ಕಟ್ಟು ಸಡಿಲಾಗಿ ಒಳಗಿನ ನೀರು ಬೇಗ ಆರುತ್ತದೆ, ಮಣೂಕ ಬೇಗ ಆಗುತ್ತದೆ. ಇಡೀ ದಿನ ಬರಿಗೈಯಲ್ಲಿ ಅದ್ದುವವರ ಬೆರಳು ಬಿರಿಯುವುದೂ ಇದರಿಂದಲೇ. ಕೆಲಸದವರಿಗೆ ರಬ್ಬರ್ ಗ್ಲೌಸ್ ಕೊಡಿ, ಹೆಚ್ಚು ಖರ್ಚಿಲ್ಲ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷವಾದರೂ ಬರೀ ನೀರು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗಿ. ಕ್ಷಾರಕ್ಕೆ ಲಿಂಬೆ ಮದ್ದು ಎಂದು ಕಣ್ಣಿಗೆ ಮಾತ್ರ ಹಿಂಡಬೇಡಿ.

ಮಗಳು ಕೈಯಾರೆ ನೋಡಲಿ. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ, ಒಂದು ಎಲ್‌ಇಡಿ, ಜೊತೆಗೆ 470 ಓಮ್ ರೆಸಿಸ್ಟರ್, ಎರಡು ಪೆನ್ಸಿಲ್ ಕಡ್ಡಿ. ಸಾಲಾಗಿ ವೈರ್ ಜೋಡಿಸಿ ಕಡ್ಡಿಗಳನ್ನು ಲೋಟದಲ್ಲಿ ಇಳಿಸಬೇಕು. ಮನೆಯ ಕರೆಂಟ್ ಮಾತ್ರ ಮುಟ್ಟುವ ಹಾಗಿಲ್ಲ. ಉಪ್ಪು ನೀರಿನಲ್ಲಿ ಎಲ್‌ಇಡಿ ಚೆನ್ನಾಗಿ ಹತ್ತುತ್ತದೆ, ಲಿಂಬೆ ರಸದಲ್ಲಿ ಮಂಕು. ಫಿಲ್ಟರ್ ನೀರಿನ ಸಕ್ಕರೆ ಪಾನಕದಲ್ಲಿ ಹತ್ತಿದರೂ ಕಣ್ಣಿಗೆ ಕಾಣದಷ್ಟು. ಬೋರ್ ನೀರು ತೆಗೆದುಕೊಂಡರೆ ಪಾನಕದಲ್ಲೂ ಹತ್ತಿ ಮೋಸ ಮಾಡುತ್ತದೆ. ನಮ್ಮ ಕಡೆಯ ಬೋರ್ ನೀರು ಎಷ್ಟು ಸವಳು ಎಂದು ನಿಮಗೇ ಗೊತ್ತು, ಅದರಲ್ಲಿ ಅಯಾನು ಮೊದಲೇ ತುಂಬಿರುತ್ತವೆ.

ಇನ್ನೊಂದಕ್ಕೆ ಬ್ಯಾಟರಿಯೂ ಬೇಡ. ಬಿಳಿ ಬಟ್ಟೆಯ ಚೂರಿಗೆ ಅರಿಶಿನ ನೀರು ಹಚ್ಚಿ ಒಣಗಿಸಿ. ಅದರ ಮೇಲೆ ದ್ರಾಕ್ಷಿ ಅದ್ದುವ ನೀರಿನ ಹತ್ತಿಪ್ಪತ್ತು ಹನಿ ಬಿಡಿ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬಿದ್ದಾಗ ಆಗುತ್ತದಲ್ಲ, ಅದೇ ಕೆಂಪು ಬರುತ್ತದೆ. ಈಗ ಇಂಡಿ ಲಿಂಬೆ ಒಂದನ್ನು ಹೆಚ್ಚಿ ಅದರ ಮೇಲೆ ಹನಿ ಹನಿಯಾಗಿ ಹಿಂಡುತ್ತಾ ಹೋಗಲಿ. ಸಣ್ಣಗೆ ಗುಳ್ಳೆ ಬರುತ್ತದೆ, ಅದು ಕಾರ್ಬೋನೇಟ್ ಪ್ರೋಟಾನ್ ಪಡೆದು, ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೊರಟ ಗುರುತು. ಒಂದು ಹನಿಗೆ ಕೆಂಪು ತಿರುಗಿ ಹಳದಿ ಆಗುತ್ತದೆ. ಎಷ್ಟನೇ ಹನಿಗೆ ಎಂದು ಎಣಿಸಿ ಬರೆದಿಟ್ಟುಕೊಳ್ಳಲಿ. ಲ್ಯಾಬಿನಲ್ಲಿ ಟೈಟ್ರೇಶನ್ ಬಂದಾಗ ಇದೇ ಕೆಲಸವನ್ನು ಬ್ಯುರೆಟ್ (ಅಳತೆ ಗೆರೆಗಳಿರುವ ಗಾಜಿನ ಕೊಳವೆ) ಹಿಡಿದು ಮಾಡಿಸುತ್ತಾರೆ.